ಪಿಕಪ್ ಕೊಟ್ಟಾಗ ತಡವರಿಸುವ ಕಾರು: ಗ್ಯಾರೇಜು ಸುತ್ತಿದರೂ ಬಗೆಹರಿಯದ ದೋಷವನ್ನು ಹಂತ ಹಂತವಾಗಿ ಹುಡುಕುವ ಬಗೆ

ಸ್ಪಾರ್ಕ್ ಪ್ಲಗ್ ಬದಲಾಗಿದೆ, ಏರ್ ಫಿಲ್ಟರ್ ಹೊಸದು, ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯನ್ನು ಎರಡು ಸಲ ಕ್ಲೀನ್ ಮಾಡಿಸಿದ್ದಾಗಿದೆ. ಆದರೂ ಸಿಗ್ನಲ್ ಬಿಟ್ಟ ಕೂಡಲೇ ಆಕ್ಸಿಲರೇಟರ್ ತುಳಿದರೆ ಕಾರು ಒಂದು ಕ್ಷಣ ಉಸಿರು ಹಿಡಿದಂತೆ ನಿಂತು, ಆಮೇಲೆ ಜಗ್ಗಿಕೊಂಡು ಮುಂದಕ್ಕೆ ಹೋಗುತ್ತದೆ. ಬೆಂಗಳೂರಿನಲ್ಲಿ ಕಾರು ಓಡಿಸುವ ಅನೇಕರು ತಿಂಗಳುಗಟ್ಟಲೆ ಈ ಸ್ಥಿತಿಯಲ್ಲೇ ಇರುತ್ತಾರೆ. ಪ್ರತಿ ಸಲ ಒಂದೊಂದು ಭಾಗ ಬದಲಾಗುತ್ತದೆ, ಎರಡು ದಿನ ಸರಿಹೋದಂತೆ ಅನಿಸುತ್ತದೆ, ಮೂರನೆಯ ದಿನ ಮತ್ತೆ ಅದೇ ಪಾಡು. ನಾನು ಹತ್ತಿರದಿಂದ ಕಂಡ ಇಂತಹ ಕಾರುಗಳಲ್ಲಿ, ನನ್ನದೂ ಸೇರಿ, ತಪ್ಪು ನಡೆದದ್ದು ಹುಡುಕುವ ಕ್ರಮದಲ್ಲಿ: ಏನನ್ನೂ ಅಳೆದು ನೋಡುವ ಮೊದಲೇ ಭಾಗಗಳನ್ನು ಬದಲಾಯಿಸಲಾಗಿತ್ತು.

ಇಲ್ಲಿ ಹೇಳಿರುವುದು ಇಂಜೆಕ್ಷನ್ ವ್ಯವಸ್ಥೆಯ ಪೆಟ್ರೋಲ್ ಕಾರುಗಳಿಗೆ ಅನ್ವಯಿಸುತ್ತದೆ. ಡೀಸೆಲ್ ಕಾರಿನಲ್ಲಿ ಫ್ಯೂಯಲ್ ಫಿಲ್ಟರ್, ಟರ್ಬೊ ಹೋಸ್ ಮತ್ತು ಇಜಿಆರ್ ವಾಲ್ವ್‌ಗಳಿಂದ ಆರಂಭಿಸಬೇಕಾಗುವುದರಿಂದ ಅದರ ದಾರಿಯೇ ಬೇರೆ. ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ; ಖರ್ಚಿಲ್ಲದೆ, ಏನನ್ನೂ ಬಿಚ್ಚದೆ ತಿಳಿಯಬಹುದಾದದ್ದು ಮೊದಲು ಬರುತ್ತದೆ.

ಕಾರು ಓಡಿಸುವುದನ್ನೇ ನಿಲ್ಲಿಸಬೇಕಾದ ಲಕ್ಷಣಗಳು

ಚೆಕ್ ಇಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಮನೆ ತಲುಪಬಹುದು. ಅದು ಮಿಣುಕುತ್ತಿದ್ದರೆ ಇಂಜಿನ್ ತೀವ್ರವಾಗಿ ಮಿಸ್‌ಫೈರ್ ಆಗುತ್ತಿದೆ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಆಗ ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನು ಸುಡುತ್ತದೆ. ಕಾರನ್ನು ಪಕ್ಕಕ್ಕೆ ಹಾಕಿ, ಟೋಯಿಂಗ್ ಗಾಡಿ ಕರೆಸುವುದು ಕಡಿಮೆ ಖರ್ಚಿನ ದಾರಿ. ಬಾನೆಟ್ ಒಳಗಿನಿಂದ ಅಥವಾ ಹಿಂದಿನ ಸೀಟಿನ ಬಳಿ ಪೆಟ್ರೋಲ್ ವಾಸನೆ ಬಂದರೆ, ಅಥವಾ ಓಡುತ್ತಿರುವಾಗಲೇ ಇಂಜಿನ್ ಆಫ್ ಆಗುತ್ತಿದ್ದರೆ, ಮುಂದಿನ ಯಾವ ಪರೀಕ್ಷೆಯನ್ನೂ ರಸ್ತೆಯ ಮೇಲೆ ಮಾಡಬೇಡಿ. ಇಂಜಿನ್ ನಿಂತ ಮೇಲೆ ಬ್ರೇಕ್ ಬೂಸ್ಟರ್‌ನ ನೆರವು ಒಂದೆರಡು ಸಲ ಬ್ರೇಕ್ ತುಳಿಯುವಷ್ಟರಲ್ಲಿ ಮುಗಿದುಹೋಗುತ್ತದೆ, ಸ್ಟಿಯರಿಂಗ್ ಕೂಡ ಬಿಗಿಯಾಗುತ್ತದೆ.

ಹಂತ 1: ಇದು ನಿಜವಾಗಿ ತಡವರಿಕೆಯೇ ಎಂದು ಖಚಿತಪಡಿಸಿಕೊಳ್ಳಿ

"ಪಿಕಪ್ ಇಲ್ಲ" ಎಂಬ ಒಂದೇ ಮಾತಿನಲ್ಲಿ ನಾಲ್ಕೈದು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಆಕ್ಸಿಲರೇಟರ್ ತುಳಿದಾಗ ಆರ್‌ಪಿಎಂ ಮುಳ್ಳು ಸರಾಗವಾಗಿ ಏರಿ, ಕಾರಿನ ವೇಗ ಮಾತ್ರ ಏರದಿದ್ದರೆ ಅದು ಕ್ಲಚ್ ಜಾರುತ್ತಿರುವ ಲಕ್ಷಣ. ಇಂಜಿನ್ ಬಿಚ್ಚುವುದರಿಂದ ಅದು ಸರಿಹೋಗುವುದಿಲ್ಲ. ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ, ಗೇರ್‌ಬಾಕ್ಸ್ ಇರುವ ಕಾರು ಗೇರ್ ಬದಲಿಸುವ ಕ್ಷಣದಲ್ಲಿ ಮಾತ್ರ ನಿಂತಂತಾದರೆ ಅದು ಆ ಗೇರ್‌ಬಾಕ್ಸಿನ ಸ್ವಭಾವ. ಚಿಕ್ಕ ಟರ್ಬೊ ಇಂಜಿನ್ ಕಡಿಮೆ ಆರ್‌ಪಿಎಂನಲ್ಲಿ ಮಂಕಾಗಿದ್ದು ನಂತರ ಚುರುಕಾಗುವುದೂ ಹಾಗೆಯೇ, ಅದು ಕಾರು ಹೊಸದಾಗಿದ್ದ ದಿನದಿಂದಲೂ ಇದ್ದದ್ದಾಗಿದ್ದರೆ.

ಆಕ್ಸಿಲರೇಟರ್ ತುಳಿದ ಮೇಲೂ ಆರ್‌ಪಿಎಂ ಮುಳ್ಳೇ ಒಂದು ಕ್ಷಣ ಅಲ್ಲಾಡದೆ ನಿಂತರೆ, ಅಥವಾ ಇಳಿದು ಏರಿದರೆ, ಅದು ತಡವರಿಕೆ. ಮುಳ್ಳು ನಡುಗುತ್ತಾ ಕಾರು ಸಣ್ಣ ಸಣ್ಣ ಜರ್ಕ್ ಕೊಟ್ಟರೆ ಅದನ್ನೇ ಮೆಕ್ಯಾನಿಕ್‌ಗಳು "ಮಿಸ್ಸಿಂಗ್" ಎನ್ನುತ್ತಾರೆ. ಅಲ್ಲಿ ಅನುಮಾನ ಮೊದಲು ಕಿಡಿಯ ಕಡೆಗೆ ಹೋಗಬೇಕು.

ಹಂತ 2: ಒಂದು ವಾರ ಬರೆದಿಡಿ

ಚಿಕ್ಕ ನೋಟ್‌ಬುಕ್ ಒಂದನ್ನು ಕಾರಿನಲ್ಲಿಡಿ. ತಡವರಿಕೆ ಬಂದಾಗಲೆಲ್ಲ, ಕಾರು ನಿಲ್ಲಿಸಿದ ಮೇಲೆ, ಇಂಜಿನ್ ತಣ್ಣಗಿತ್ತೇ ಬಿಸಿಯಾಗಿತ್ತೇ, ಯಾವ ಗೇರ್, ಸುಮಾರು ಎಷ್ಟು ಆರ್‌ಪಿಎಂ, ಎಸಿ ಹಾಕಿತ್ತೇ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು, ಹಿಂದಿನ ದಿನ ಮಳೆ ಬಂದಿತ್ತೇ ಎಂಬುದನ್ನು ಬರೆಯಿರಿ. ಬಹುಪಾಲು ಜನ ಬಿಟ್ಟುಬಿಡುವ ಹಂತ ಇದೇ, ಆದರೆ ಅರ್ಧ ಉತ್ತರ ಇಲ್ಲಿಯೇ ಸಿಗುತ್ತದೆ.

ಮಳೆಯ ಮರುದಿನ ಬೆಳಿಗ್ಗೆ ಮಾತ್ರ ತಡವರಿಸುವ ಕಾರಿನಲ್ಲಿ ತೇವ ಹೊಕ್ಕ ಇಗ್ನಿಷನ್ ಕಾಯಿಲ್ ಇರಬಹುದು. ಟ್ಯಾಂಕು ಕಾಲು ಭಾಗಕ್ಕಿಂತ ಕೆಳಗಿಳಿದಾಗ ಫ್ಲೈಓವರ್ ಏರುವಲ್ಲಿ ಮಾತ್ರ ತಡವರಿಸಿದರೆ ಟ್ಯಾಂಕಿನೊಳಗಿನ ಫ್ಯೂಯಲ್ ಪಂಪ್ ಕಡೆ ನೋಡಬೇಕು. ಪೆಟ್ರೋಲ್ ಫುಲ್ ಟ್ಯಾಂಕ್ ಹಾಕಿಸಿದ ಕೂಡಲೇ ಸ್ಟಾರ್ಟ್ ಆಗಲು ಕಷ್ಟಪಟ್ಟು, ಮೊದಲ ಒಂದೆರಡು ಕಿ.ಮೀ. ತಡವರಿಸಿ ಸರಿಹೋದರೆ, ಟ್ಯಾಂಕಿನ ಆವಿಯನ್ನು ಇಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿರುವ ಸಾಧ್ಯತೆ ದೊಡ್ಡದು. ಈ ಒಂದು ಚಿಕ್ಕ ವಾಲ್ವ್ ಗ್ಯಾರೇಜುಗಳಲ್ಲಿ ತೀರಾ ತಡವಾಗಿ ನೆನಪಾಗುತ್ತದೆ.

ಪರೀಕ್ಷೆಗೆ ಒಂದು ಖಾಯಂ ಜಾಗವನ್ನೂ ಆರಿಸಿಕೊಳ್ಳಿ. ಸಂಜೆ ಸಿಲ್ಕ್ ಬೋರ್ಡ್‌ನ ದಟ್ಟಣೆಯಲ್ಲಿ ಕಾರಿನ ಗುಣ ತಿಳಿಯುವುದಿಲ್ಲ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಮನೆಗೆ ಹತ್ತಿರದ ಒಂದು ಫ್ಲೈಓವರ್ ಏರು, ಮೂರನೇ ಗೇರ್, ಗಂಟೆಗೆ 30 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ತುಳಿಯುವುದು ಎಂದು ಗೊತ್ತುಮಾಡಿಕೊಂಡರೆ, ಪ್ರತಿ ದುರಸ್ತಿಯ ನಂತರವೂ ಅದೇ ಪರೀಕ್ಷೆಯನ್ನು ಮಾಡಿ ಹೋಲಿಸಬಹುದು.

ಹಂತ 3: ಉಪಕರಣಗಳು

ಮೊಬೈಲ್‌ಗೆ ಜೋಡಿಸಬಹುದಾದ ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್‌ಗಳನ್ನು ಓದುವ ಸಾಧನ), ಮಲ್ಟಿಮೀಟರ್, ಒಳ್ಳೆಯ ಟಾರ್ಚ್, 10 ಮಿ.ಮೀ. ಸ್ಪ್ಯಾನರ್, ನಿಮ್ಮ ಕಾರಿನ ಅಳತೆಯ ಪ್ಲಗ್ ಸಾಕೆಟ್, ಟಾರ್ಕ್ ರೆಂಚ್ ಮತ್ತು ಪ್ಲಗ್ ಗ್ಯಾಪ್ ಅಳೆಯುವ ಗೇಜ್ ಸಾಕು. ಕೈ ಉಪಕರಣಗಳು ಎಸ್.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ, ಬಿಡಿಭಾಗಗಳಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಆದರೆ ಪ್ಲಗ್ ಮತ್ತು ಸೆನ್ಸರ್ ಕೊಳ್ಳುವಾಗ ಪಾರ್ಟ್ ನಂಬರ್ ಹೋಲಿಸಿ, ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳಿ. ನಕಲಿ ಪ್ಲಗ್ ಹಾಕಿಕೊಂಡು ಹೊಸ ಪ್ಲಗ್ ಹಾಕಿಯೂ ಸರಿಹೋಗಲಿಲ್ಲವೆಂದು ಬೇರೆ ಕಡೆ ಹುಡುಕುತ್ತಾ ಹೋದರೆ ಆ ಹುಡುಕಾಟಕ್ಕೆ ಕೊನೆಯಿರುವುದಿಲ್ಲ.

ಹಂತ 4: ಕೋಡ್ ಓದಿ, ಅಳಿಸಬೇಡಿ

ಡ್ಯಾಶ್‌ಬೋರ್ಡಿನ ಕೆಳಗೆ, ಸಾಮಾನ್ಯವಾಗಿ ಸ್ಟಿಯರಿಂಗ್‌ನ ಹತ್ತಿರ, 16 ಪಿನ್‌ಗಳ ಓಬಿಡಿ ಸಾಕೆಟ್ ಇರುತ್ತದೆ. ಸ್ಕ್ಯಾನರ್ ಜೋಡಿಸಿ, ಉಳಿದುಕೊಂಡಿರುವ ಕೋಡ್‌ಗಳ ಜೊತೆಗೆ, ಕಂಪ್ಯೂಟರ್ ಇನ್ನೂ ಖಚಿತಪಡಿಸದ ಪೆಂಡಿಂಗ್ ಕೋಡ್‌ಗಳನ್ನೂ ಓದಿ. ದೀಪ ಉರಿಯದಿದ್ದರೂ ಪೆಂಡಿಂಗ್ ಕೋಡ್ ಇರಬಹುದು. ಪಿ0171 ಎಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಅಥವಾ ಗಾಳಿ ಹೆಚ್ಚು, ಪಿ0172 ಅದಕ್ಕೆ ವಿರುದ್ಧ. ಪಿ0301ರಿಂದ ಪಿ0304ರವರೆಗಿನವು ಯಾವ ಸಿಲಿಂಡರ್ ಮಿಸ್ ಆಗುತ್ತಿದೆ ಎಂಬುದನ್ನು ಕೊನೆಯ ಅಂಕಿಯಲ್ಲೇ ಹೇಳುತ್ತವೆ. ಪಿ2135 ಥ್ರಾಟಲ್‌ನ ಎರಡು ಸೆನ್ಸರ್‌ಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬುದನ್ನೂ, ಪಿ2138 ಪೆಡಲ್‌ನ ಸೆನ್ಸರ್‌ಗಳು ತಾಳೆಯಾಗುತ್ತಿಲ್ಲ ಎಂಬುದನ್ನೂ ಸೂಚಿಸುತ್ತವೆ.

ಕೋಡ್‌ನ ಜೊತೆಗೆ ಫ್ರೀಜ್ ಫ್ರೇಮ್ ಎಂಬ ದಾಖಲೆ ಇರುತ್ತದೆ. ದೋಷ ಕಾಣಿಸಿದ ಆ ಕ್ಷಣದಲ್ಲಿ ಆರ್‌ಪಿಎಂ, ಇಂಜಿನ್ ಉಷ್ಣತೆ, ಲೋಡ್ ಎಷ್ಟಿದ್ದವು ಎಂಬುದು ಅದರಲ್ಲಿ ಸಿಗುತ್ತದೆ. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಪರದೆಯ ಚಿತ್ರ ತೆಗೆದಿಡಿ. ಗ್ಯಾರೇಜಿನಲ್ಲಿಯೂ "ಕೋಡ್ ಕ್ಲಿಯರ್ ಮಾಡಿ ನೋಡೋಣ" ಎಂದರೆ, ಚಿತ್ರ ತೆಗೆದುಕೊಳ್ಳುವವರೆಗೆ ತಡೆಯಲು ಹೇಳಿ.

ಹಂತ 5: ಲೈವ್ ಡೇಟಾದಲ್ಲಿ ಮಿಶ್ರಣವನ್ನು ಅಳೆಯಿರಿ

ಇಡೀ ಕೆಲಸದ ಬೆನ್ನೆಲುಬು ಇದು, ಆದ್ದರಿಂದ ಇಲ್ಲಿ ಅವಸರ ಬೇಡ. ಫ್ಯೂಯಲ್ ಟ್ರಿಮ್ ಎಂಬ ಎರಡು ಸಂಖ್ಯೆಗಳನ್ನು ನೋಡಬೇಕು: ಒಂದು ಶಾರ್ಟ್ ಟರ್ಮ್, ಇನ್ನೊಂದು ಲಾಂಗ್ ಟರ್ಮ್. ಇಂಜಿನ್ನಿನ ಕಂಪ್ಯೂಟರ್, ಅಂದರೆ ಈಸಿಯು, ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಬಿಡಬೇಕಾಯಿತು ಎಂಬುದನ್ನು ಅವು ಹೇಳುತ್ತವೆ. ಎರಡನ್ನೂ ಕೂಡಿದಾಗ ಪ್ಲಸ್ ಅಥವಾ ಮೈನಸ್ ಶೇ. 10ರ ಒಳಗಿದ್ದರೆ ಚಿಂತೆಯಿಲ್ಲ. ಎಥನಾಲ್‌ಗೆ ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕಾಗುವುದರಿಂದ, ಶೇ. 20 ಎಥನಾಲ್ ಬೆರೆತ ಈಗಿನ ಇಂಧನದಲ್ಲಿ ಹಳೆಯ ಕಾರುಗಳು ಕೆಲವು ಅಂಶಗಳಷ್ಟು ಪ್ಲಸ್ ತೋರಿಸುವುದು ಸಹಜ. ಅಷ್ಟಕ್ಕೇ ಯಾವ ಭಾಗವನ್ನೂ ದೂಷಿಸಬೇಡಿ.

ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೂರು ಸ್ಥಿತಿಗಳಲ್ಲಿ ಓದಿ: ಐಡ್ಲಿಂಗ್‌ನಲ್ಲಿ, ನಿಂತಲ್ಲೇ 2,500 ಆರ್‌ಪಿಎಂ ಹಿಡಿದಾಗ, ಮತ್ತು ನಿಮ್ಮ ಪರೀಕ್ಷೆಯ ಏರಿನಲ್ಲಿ. ಓಡಿಸುವವರು ಪರದೆ ನೋಡಬಾರದು. ಆ್ಯಪ್‌ನಲ್ಲಿ ಲಾಗ್ ದಾಖಲಿಸುವ ಸೌಲಭ್ಯ ಬಳಸಿ, ಅಥವಾ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ಐಡ್ಲಿಂಗ್‌ನಲ್ಲಿ ಟ್ರಿಮ್ ಹೆಚ್ಚಿದ್ದು ಆರ್‌ಪಿಎಂ ಏರಿದಂತೆ ಇಳಿದರೆ, ಎಲ್ಲೋ ಕಳ್ಳಗಾಳಿ ಒಳನುಗ್ಗುತ್ತಿದೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು ಏರಿನಲ್ಲಿ ಶೇ. 15 ದಾಟಿದರೆ, ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ, ಇಲ್ಲವೇ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಕಡಿಮೆ ಲೆಕ್ಕ ಕೊಡುತ್ತಿದೆ. ಟ್ರಿಮ್ ಎಲ್ಲ ಕಡೆಯೂ ಸರಿಯಿದ್ದು ಕಾರು ಮಾತ್ರ ತಡವರಿಸಿದರೆ ಕಿಡಿ, ಥ್ರಾಟಲ್, ಪೆಡಲ್ ಮತ್ತು ಹೊಗೆಯ ದಾರಿಗಳನ್ನು ನೋಡಬೇಕು.

ಬೆಂಗಳೂರಿನವರು ತಪ್ಪು ತಿಳಿಯುವ ಒಂದು ಅಂಕಿ ಇಲ್ಲಿದೆ. ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡದೆ, ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ನೋಡಿದರೆ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರಮಟ್ಟದಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. ನಮ್ಮ ನಗರ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 91ರ ಆಸುಪಾಸು ಬರುವುದೇ ಸರಿ. 101 ಇರಬೇಕೆಂದು ಎಲ್ಲೋ ಓದಿಕೊಂಡು, 91 ತೋರಿಸುವ ಒಳ್ಳೆಯ ಸೆನ್ಸರನ್ನು ಬದಲಾಯಿಸಬೇಡಿ. ಬೆಂಗಳೂರಿನಲ್ಲಿ ನಿಂತು 101 ತೋರಿಸುವ ಸೆನ್ಸರನ್ನೇ ಅನುಮಾನಿಸಬೇಕು. ಟರ್ಬೊ ಇಲ್ಲದ ಇಂಜಿನ್ನಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಈ ಅಂಕಿ ಮತ್ತೆ 90ರ ಹತ್ತಿರಕ್ಕೆ ಏರಬೇಕು. ಏರದೆ ಬಹಳ ಕೆಳಗೇ ಉಳಿದರೆ ಫಿಲ್ಟರ್ ಕಟ್ಟಿದೆ ಅಥವಾ ಥ್ರಾಟಲ್ ಪೂರ್ತಿ ತೆರೆಯುತ್ತಿಲ್ಲ.

ಹಂತ 6: ಗಾಳಿಯ ದಾರಿಯನ್ನು ಕೈಯಿಂದ ಮುಟ್ಟಿ ನೋಡಿ

ಏರ್ ಫಿಲ್ಟರ್ ಡಬ್ಬಿ ತೆರೆಯಿರಿ. ವಾರಗಟ್ಟಲೆ ನಿಲ್ಲಿಸಿದ್ದ ಕಾರುಗಳಲ್ಲಿ ಇಲಿ ಗೂಡು ಕಟ್ಟಿರುವುದು, ಒಣ ಎಲೆ, ಹತ್ತಿಯ ಚೂರು ತುಂಬಿರುವುದು ಬೇಸ್‌ಮೆಂಟ್ ಪಾರ್ಕಿಂಗ್‌ಗಳಲ್ಲಿ ಹೊಸತೇನಲ್ಲ. ಅಲ್ಲಿಂದ ಥ್ರಾಟಲ್ ಬಾಡಿಯವರೆಗಿನ ಹೋಸ್, ಸಣ್ಣ ವ್ಯಾಕ್ಯೂಮ್ ಪೈಪುಗಳು, ಇಂಜಿನ್ನಿನೊಳಗಿನ ಆವಿಯನ್ನು ಮತ್ತೆ ಗಾಳಿಯ ದಾರಿಗೆ ತರುವ ಪಿಸಿವಿ ಪೈಪು, ಬ್ರೇಕ್ ಬೂಸ್ಟರ್ ಪೈಪು ಎಲ್ಲವನ್ನೂ ಕೈಯಾಡಿಸಿ ನೋಡಿ. ಇಲಿ ಕಡಿದ ವೈರುಗಳೂ ಇದೇ ಹೊತ್ತಿಗೆ ಕಣ್ಣಿಗೆ ಬೀಳುತ್ತವೆ.

ನನ್ನ ಕಾರಿನಲ್ಲಿ ದೋಷ ಅಡಗಿದ್ದು ಇಲ್ಲಿಯೇ. ಮಳೆಗಾಲ ಮುಗಿದ ಮೇಲೆ ಆರಂಭವಾದ ತಡವರಿಕೆಗೆ ಮೊದಲು ಪ್ಲಗ್, ಆಮೇಲೆ ಕಾಯಿಲ್, ಕೊನೆಗೆ ಫ್ಯೂಯಲ್ ಪಂಪ್ ಹೀಗೆ ಮೂರು ದುರಸ್ತಿಗಳಾದವು. ಟ್ರಿಮ್ ಐಡ್ಲಿಂಗ್‌ನಲ್ಲಿ ಶೇ. 4 ಇದ್ದು ಏರಿನಲ್ಲಿ ಶೇ. 18 ಮುಟ್ಟುತ್ತಿದ್ದುದರಿಂದ ಪಂಪನ್ನೇ ದೂಷಿಸಿದ್ದು ಸಹಜವೂ ಆಗಿತ್ತು. ಆದರೆ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್‌ಗೆ ಹೋಗುವ ರಬ್ಬರ್ ಹೋಸನ್ನು ಬಿಚ್ಚಿ, ಬಿಸಿಲಿಗೆ ಹಿಡಿದು, ಅದರ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ, ಕೆಳಭಾಗದ ಎರಡನೇ ಮಡಿಕೆಯ ಆಳದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಉದ್ದದ ಸೀಳು ಕಂಡಿತು. ಸುಮ್ಮನೆ ಹಿಡಿದರೆ ಅದರ ತುಟಿಗಳು ಮುಚ್ಚಿಕೊಳ್ಳುತ್ತಿದ್ದವು, ಬಾಗಿಸಿದರೆ ಬೆಳಕು ತೂರಿಬರುತ್ತಿತ್ತು. ಗೇರಿನಲ್ಲಿ ಪಿಕಪ್ ಕೊಟ್ಟಾಗ ಇಂಜಿನ್ ಹಿಂದಕ್ಕೆ ವಾಲಿ ಹೋಸನ್ನು ಎಳೆಯುತ್ತಿತ್ತು, ಎಂಎಎಫ್ ಅಳೆಯದ ಗಾಳಿ ಆ ಸೀಳಿನಿಂದ ಒಳಹೋಗುತ್ತಿತ್ತು. ನ್ಯೂಟ್ರಲ್‌ನಲ್ಲಿ ಎಷ್ಟು ರೇಸ್ ಕೊಟ್ಟರೂ ದೋಷ ಕಾಣದಿದ್ದುದು ಇದೇ ಕಾರಣಕ್ಕೆ. ಸವೆದ ಇಂಜಿನ್ ಮೌಂಟಿಂಗ್ ಸೇರಿಸಿದರೂ ಈ ದುರಸ್ತಿಯ ಖರ್ಚು ಹಿಂದಿನ ಮೂರು ಬಿಲ್ಲುಗಳ ಹತ್ತನೆಯ ಒಂದು ಪಾಲಿಗೂ ಬರಲಿಲ್ಲ.

ನಿಮ್ಮ ಕಾರಿನಲ್ಲಿ ಎಂಎಎಫ್ ಇಲ್ಲದೆ ಮ್ಯಾಪ್ ಸೆನ್ಸರ್ ಮಾತ್ರ ಇದ್ದರೆ, ಥ್ರಾಟಲ್‌ಗೆ ಮುಂಚಿನ ಇಂತಹ ಸೀಳು ಮಿಶ್ರಣವನ್ನು ಕೆಡಿಸುವುದಿಲ್ಲ, ಧೂಳನ್ನು ಮಾತ್ರ ಒಳಬಿಡುತ್ತದೆ. ಥ್ರಾಟಲ್ ನಂತರ ಗಾಳಿ ನುಗ್ಗಿದರೆ ಐಡ್ಲಿಂಗ್ ಏರಿ ಕೂರುವುದು ಹೆಚ್ಚು. ಯಾವ ಸೆನ್ಸರ್ ಇದೆ ಎಂದು ತಿಳಿಯದೆ ಈ ಹಂತದಲ್ಲಿ ತೀರ್ಮಾನಕ್ಕೆ ಬರಬೇಡಿ.

ಸೋರಿಕೆ ಹುಡುಕಲು ಬಿಸಿ ಇಂಜಿನ್ನಿನ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸುವ ಹಳೆಯ ರೂಢಿ ಬೆಂಕಿಗೆ ದಾರಿ. ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್, ಅಂದರೆ ಗಾಳಿಯ ದಾರಿಗೆ ಹೊಗೆ ತುಂಬಿ ಅದು ಎಲ್ಲಿಂದ ಹೊರಬರುತ್ತದೆ ಎಂದು ನೋಡುವ ಪರೀಕ್ಷೆ, ಮಾಡಿಸಿ. ಎಂಎಎಫ್ ಸೆನ್ಸರಿನ ತಂತಿಯನ್ನು ಅದಕ್ಕೆಂದೇ ಇರುವ ಕ್ಲೀನರಿನಿಂದ ಮಾತ್ರ ತೊಳೆಯಬೇಕು. ಬಟ್ಟೆ, ಬ್ರಷ್, ಬೆರಳು ಯಾವುದೂ ತಗಲಬಾರದು.

ಹಂತ 7: ಕಿಡಿ

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಪ್ಲಗ್‌ಗಳನ್ನು ಬಿಚ್ಚಿ, ಸಿಲಿಂಡರಿನ ಕ್ರಮದಲ್ಲೇ ಒಂದು ಪೇಪರಿನ ಮೇಲೆ ಇಡಿ. ತುದಿ ತಿಳಿಕಂದು ಅಥವಾ ಬೂದು ಬಣ್ಣದಲ್ಲಿದ್ದರೆ ಸರಿ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಎಣ್ಣೆಯ ಹಸಿಯಿದ್ದರೆ ಇಂಜಿನ್ ಆಯಿಲ್ ಒಳಬರುತ್ತಿದೆ. ಬಿಳಿಯ ಪಿಂಗಾಣಿ ಭಾಗದ ಮೇಲೆ ಪೆನ್ಸಿಲಿನಿಂದ ಎಳೆದಂತಹ ತೆಳುವಾದ ಕಪ್ಪು ಗೆರೆ ಕಂಡರೆ, ಲೋಡ್ ಬಿದ್ದಾಗ ಕಿಡಿ ತುದಿಗೆ ಹೋಗದೆ ಪಕ್ಕದಿಂದ ಹಾರಿಹೋಗುತ್ತಿದೆ. ಆಗ ಪ್ಲಗ್ ಒಂದನ್ನೇ ಬದಲಿಸಿದರೆ ಸಾಲದು. ಕಾಯಿಲ್‌ನ ರಬ್ಬರ್ ಬೂಟಿನೊಳಗೂ ಅದೇ ಗೆರೆ ಬಿದ್ದಿರುತ್ತದೆ, ಹೊಸ ಪ್ಲಗ್ಗನ್ನೂ ಅದು ಕೆಡಿಸುತ್ತದೆ. ಹೊಸ ಪ್ಲಗ್ ಹಾಕಿ ಎರಡು ವಾರದಲ್ಲಿ ಮತ್ತೆ ಮಿಸ್ಸಿಂಗ್ ಬರುವ ಕಾರುಗಳಲ್ಲಿ ಇದನ್ನು ತಪ್ಪದೆ ನೋಡಿ.

ಗ್ಯಾಪ್ ಹೆಚ್ಚಿನ ಕಾರುಗಳಲ್ಲಿ 0.8ರಿಂದ 1.1 ಮಿ.ಮೀ. ನಡುವೆ ಇರುತ್ತದೆ, ನಿಮ್ಮ ಕಾರಿನ ಕೈಪಿಡಿಯ ಅಂಕಿಯೇ ಅಂತಿಮ. ಇರಿಡಿಯಂ ಪ್ಲಗ್ಗಿನ ಸೂಕ್ಷ್ಮ ತುದಿಯ ಮೇಲೆ ಗೇಜನ್ನು ಒತ್ತಬಾರದು. ಅಲ್ಯೂಮಿನಿಯಂ ಸಿಲಿಂಡರ್ ಹೆಡ್‌ನಲ್ಲಿ 14 ಮಿ.ಮೀ. ಥ್ರೆಡ್ಡಿನ ಪ್ಲಗ್ಗಿಗೆ 25ರಿಂದ 30, 12 ಮಿ.ಮೀ. ಥ್ರೆಡ್ಡಿಗೆ 15ರಿಂದ 20 ನ್ಯೂಟನ್ ಮೀಟರ್ ಬಿಗಿತ ಸಾಕು. ಕೈಬಲ ತೋರಿಸಿ ಬಿಗಿದರೆ ಥ್ರೆಡ್ ಕಿತ್ತುಬರುತ್ತದೆ, ಆಮೇಲಿನ ಖರ್ಚು ಬಹಳ ದೊಡ್ಡದು.

ಕಾಯಿಲ್ ಪರೀಕ್ಷೆಗೆ ಹಣ ಬೇಕಿಲ್ಲ. ಪಿ0302 ಬಂದಿದ್ದರೆ ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲ್ ದೋಷಿ. ಬದಲಾಗದಿದ್ದರೆ ಪ್ಲಗ್, ಇಂಜೆಕ್ಟರ್ ಅಥವಾ ಕಂಪ್ರೆಷನ್ ನೋಡಬೇಕು.

ಹಂತ 8: ಪೆಟ್ರೋಲ್ ಸರಬರಾಜು

ಫ್ಯೂಯಲ್ ಪ್ರೆಷರ್ ಅಳೆಯುವುದನ್ನು ಗ್ಯಾರೇಜಿಗೆ ಬಿಡಿ. ಒತ್ತಡ ಇಳಿಸದೆ ಫ್ಯೂಯಲ್ ಪೈಪ್ ಬಿಚ್ಚಿದರೆ ಪೆಟ್ರೋಲ್ ಚಿಮ್ಮುತ್ತದೆ, ಬೇಸ್‌ಮೆಂಟಿನಲ್ಲಿ ಅದರ ಆವಿ ಹೊರಹೋಗಲು ದಾರಿಯಿರುವುದಿಲ್ಲ. ನೀವು ಕೇಳಬೇಕಾದದ್ದು ಒಂದೇ: ಐಡ್ಲಿಂಗ್‌ನ ಅಂಕಿಯ ಜೊತೆಗೆ ಲೋಡ್ ಬಿದ್ದಾಗಿನ ಅಂಕಿಯೂ ಬೇಕು. ಸೋತ ಪಂಪ್ ನಿಂತಲ್ಲಿ ಸರಿಯಾದ ಒತ್ತಡ ತೋರಿಸಿ, ಏರಿನಲ್ಲಿ ಕೈಕೊಡುತ್ತದೆ.

ಪೆಟ್ರೋಲ್ ಹಾಕಿಸಿದ ಕೂಡಲೇ ದೋಷ ಆರಂಭವಾಗಿದ್ದರೆ ಟ್ಯಾಂಕಿನಲ್ಲಿ ನೀರು ಸೇರಿರಬಹುದು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು, ಪಂಪ್ ಹೀರುವ ತಳಭಾಗದಲ್ಲೇ ನಿಲ್ಲುತ್ತವೆ. ಮೇಲಿಂದ ಮತ್ತಷ್ಟು ಪೆಟ್ರೋಲ್ ಸುರಿಯುವುದಾಗಲಿ, ಬಾಟಲಿಯ ಅಡಿಟಿವ್ ಹಾಕುವುದಾಗಲಿ ಆಗ ಉಪಯೋಗಕ್ಕೆ ಬರುವುದಿಲ್ಲ, ಟ್ಯಾಂಕ್ ಖಾಲಿ ಮಾಡಿಸಬೇಕು. ಬಂಕಿನ ರಸೀದಿಯನ್ನೂ, ಹೊರತೆಗೆದ ಇಂಧನದ ಸ್ವಲ್ಪ ಭಾಗವನ್ನೂ ಸುರಕ್ಷಿತವಾಗಿ ಇಟ್ಟುಕೊಳ್ಳಿ.

ಹಂತ 9: ಪೆಡಲ್ ಮತ್ತು ಥ್ರಾಟಲ್

ಮೊದಲು ರಬ್ಬರ್ ಮ್ಯಾಟ್ ಎತ್ತಿ ನೋಡಿ. ಅದು ಮುಂದಕ್ಕೆ ಸರಿದು ಪೆಡಲ್ ಪೂರ್ತಿ ಕೆಳಗಿಳಿಯದಂತೆ ತಡೆಯುವುದುಂಟು. ಬಳಿಕ ಇಂಜಿನ್ ಸ್ಟಾರ್ಟ್ ಮಾಡದೆ, ಇಗ್ನಿಷನ್ ಆನ್ ಇಟ್ಟು, ಪೆಡಲನ್ನು ಹತ್ತು ಸೆಕೆಂಡುಗಳಷ್ಟು ನಿಧಾನವಾಗಿ ಒತ್ತುತ್ತಾ ಲೈವ್ ಡೇಟಾದ ಗ್ರಾಫ್ ನೋಡಿ. ಗೆರೆ ಎಲ್ಲಿಯೂ ಕುಸಿಯದೆ, ಹಾರದೆ ಏರಬೇಕು. ಪ್ರತಿ ಸಲವೂ ಒಂದೇ ಜಾಗದಲ್ಲಿ ಕುಸಿದರೆ ಪೆಡಲ್ ಸೆನ್ಸರ್ ಅಲ್ಲಿ ಸವೆದಿದೆ.

ಥ್ರಾಟಲ್ ಬಾಡಿ ಕ್ಲೀನ್ ಮಾಡುವಾಗ ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಕಳಚಿರಬೇಕು. ಇಗ್ನಿಷನ್ ಆನ್ ಇದ್ದರೆ ಮೋಟಾರ್ ಒಮ್ಮೆಲೆ ಮುಚ್ಚಿ ಬೆರಳಿಗೆ ಗಾಯವಾಗುತ್ತದೆ. ರೆಕ್ಕೆಯನ್ನು ಬಲವಾಗಿ ತಳ್ಳಿದರೆ ಒಳಗಿನ ಪ್ಲಾಸ್ಟಿಕ್ ಗೇರ್ ಕೆಡುತ್ತದೆ. ಕ್ಲೀನ್ ಮಾಡಿದ ನಂತರ ಸ್ಕ್ಯಾನರಿನಿಂದ ಥ್ರಾಟಲ್ ಲರ್ನಿಂಗ್ ಮಾಡಿಸಿ. ಇದನ್ನು ಬಿಟ್ಟರೆ, ಕೊಳೆ ತುಂಬಿದ್ದ ಕಾಲದ ಲೆಕ್ಕದಲ್ಲೇ ಈಸಿಯು ಥ್ರಾಟಲ್ ತೆರೆಯುತ್ತದೆ, ಐಡ್ಲಿಂಗ್ ಏರುಪೇರಾಗಿ ಹೊಸದೊಂದು ದೋಷ ಹುಟ್ಟಿದಂತೆ ಕಾಣುತ್ತದೆ.

ಇಂಜಿನ್ ಮತ್ತು ಬಾಡಿಯ ನಡುವಿನ ಅರ್ಥಿಂಗ್ ಪಟ್ಟಿಯನ್ನೂ ಇಲ್ಲೇ ನೋಡಿಬಿಡಿ. ಸ್ಟಾರ್ಟ್ ಮಾಡುವಾಗ ಬ್ಯಾಟರಿಯ ನೆಗೆಟಿವ್‌ಗೂ ಇಂಜಿನ್ನಿನ ಲೋಹಕ್ಕೂ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ಬಂದರೆ ಜೋಡಣೆಗಳನ್ನು ಉಜ್ಜಿ ಬಿಗಿಮಾಡಬೇಕು.

ಹಂತ 10: ಹೊಗೆಯ ದಾರಿ

ಮೇಲಿನ ಎಲ್ಲವೂ ಸರಿಯಿದ್ದು, ವೇಗ ಹೆಚ್ಚಿದಂತೆ ಕಾರು ಮತ್ತಷ್ಟು ಮಂಕಾದರೆ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರಬಹುದು. ಹೊಗೆ ಹೊರಹೋಗಲು ಎದುರಾಗುವ ಒತ್ತಡವನ್ನು, ಅಂದರೆ ಬ್ಯಾಕ್ ಪ್ರೆಷರನ್ನು, ಅಳೆಯಿಸಿ. ಒಳಗಿನ ಜಾಲರಿಯನ್ನು ಒಡೆದು ತೆಗೆಯುವ ಸಲಹೆಗೆ ಒಪ್ಪಬೇಡಿ; ಅದು ಕಾನೂನಿಗೆ ವಿರುದ್ಧ, ನಗರದ ಗಾಳಿಗೂ ಕೇಡು. ಅದು ಕಟ್ಟಲು ಕಾರಣವಾದ ಮಿಸ್‌ಫೈರ್ ಅಥವಾ ಆಯಿಲ್ ಸುಡುವಿಕೆಯನ್ನು ಮೊದಲು ಸರಿಪಡಿಸದಿದ್ದರೆ ಹೊಸದೂ ಹಾಳಾಗುತ್ತದೆ.

ಹಂತ 11: ಗ್ಯಾರೇಜಿಗೆ ಒಪ್ಪಿಸುವುದು ಮತ್ತು ವಾಪಸ್ ಪಡೆಯುವುದು

"ಪಿಕಪ್ ಇಲ್ಲ ಅಣ್ಣ, ಸ್ವಲ್ಪ ನೋಡಿ" ಎಂದು ಕೀ ಕೊಟ್ಟು ಬಂದರೆ ಮತ್ತೆ ಪ್ಲಗ್‌ನಿಂದಲೇ ಶುರುವಾಗುತ್ತದೆ. ಅದರ ಬದಲು, "ಇಂಜಿನ್ ಬಿಸಿಯಾದ ಮೇಲೆ, ಮೂರನೇ ಗೇರಿನಲ್ಲಿ, 1,500ರಿಂದ 2,000 ಆರ್‌ಪಿಎಂ ನಡುವೆ, ಏರಿನಲ್ಲಿ ಮಾತ್ರ ಬರುತ್ತದೆ, ಐಡ್ಲಿಂಗ್‌ನಲ್ಲಿ ಟ್ರಿಮ್ ಶೇ. 4, ಏರಿನಲ್ಲಿ ಶೇ. 18" ಎಂದು ಬರೆದು, ಲಾಗ್ ಮತ್ತು ಫ್ರೀಜ್ ಫ್ರೇಮ್ ಚಿತ್ರಗಳ ಜೊತೆ ಕೊಡಿ. ಈವರೆಗೆ ಬದಲಾದ ಭಾಗಗಳ ಪಟ್ಟಿಯನ್ನೂ ಸೇರಿಸಿ. ಅಧಿಕೃತ ಸರ್ವಿಸ್ ಸೆಂಟರ್ ಆದರೆ, ನಿಮ್ಮ ಮಾದರಿಗೆ ಈಸಿಯು ಸಾಫ್ಟ್‌ವೇರ್ ಅಪ್‌ಡೇಟ್ ಬಾಕಿಯಿದೆಯೇ ಎಂದು ವಿಚಾರಿಸಿ.

ಒಂದು ಸಲಕ್ಕೆ ಒಂದೇ ಭಾಗ ಬದಲಾಗಲಿ ಎಂದು ಸ್ಪಷ್ಟವಾಗಿ ಹೇಳಿ, ಹಳೆಯ ಭಾಗವನ್ನು ಕೇಳಿ ಪಡೆಯಿರಿ. ದುರಸ್ತಿಯಾದ ಮೇಲೆ ಕೋಡ್ ಅಳಿಸಿದರೆ ಲಾಂಗ್ ಟರ್ಮ್ ಟ್ರಿಮ್ ಸಾಮಾನ್ಯವಾಗಿ ಸೊನ್ನೆಯಿಂದ ಮತ್ತೆ ಕಲಿಯಲು ಆರಂಭಿಸುತ್ತದೆ. "ಎರಡು ದಿನ ಸರಿಯಿತ್ತು" ಎಂಬ ಅನುಭವದ ಹಿಂದೆ ಹಲವು ಸಲ ಇರುವುದು ಇಷ್ಟೇ. ಆದ್ದರಿಂದ ನಾಲ್ಕೈದು ದಿನ ಎಂದಿನಂತೆ ಓಡಿಸಿ, ಅದೇ ಏರು, ಅದೇ ಗೇರ್, ಸುಮಾರು ಅಷ್ಟೇ ಪೆಟ್ರೋಲ್ ಇರುವಾಗ ಲಾಗ್ ತೆಗೆದು ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಕಾರು ಹಗುರಾಗಿ ಓಡುತ್ತಿದೆ ಎನಿಸಿದರೂ ಏರಿನ ಟ್ರಿಮ್ ಇನ್ನೂ ಶೇ. 15ರ ಮೇಲೆಯೇ ಇದ್ದರೆ, ಕಾರನ್ನು ಮತ್ತೆ ಗ್ಯಾರೇಜಿಗೆ ಒಯ್ದು, ಮುಂದಿನ ಭಾಗ ಬದಲಿಸಲು ಒಪ್ಪುವ ಮೊದಲು ಮೆಕ್ಯಾನಿಕ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಏರಿನಲ್ಲಿ ಇನ್ನೊಮ್ಮೆ ಓಡಿಸಿ.